ಮಧುಮೇಹ, ಎರಡನೆಯ ಬಗೆಯದು: ಸೇವಿಸುವ ಮಾತ್ರೆಗಳು ಮತ್ತು ಅವುಗಳ ಸುರಕ್ಷಿತ ಬಳಕೆ

ಎರಡನೆಯ ಬಗೆಯ ಮಧುಮೇಹದಲ್ಲಿ ರಕ್ತದ ಸಕ್ಕರೆಯನ್ನು ಹದದಲ್ಲಿರಿಸಲು ಬಾಯಿಯ ಮೂಲಕ ಸೇವಿಸತಕ್ಕ ಔಷಧಗಳು ಇಂದು ಕನ್ನಡ ನಾಡಿನ ನಗರಗಳಲ್ಲಿ ಮಾತ್ರವಲ್ಲದೆ ಗ್ರಾಮಗಳಲ್ಲಿಯೂ ಗೃಹಕೃತ್ಯದ ಒಂದು ಅಂಗವಾಗಿಬಿಟ್ಟಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ವಯಸ್ಕರಲ್ಲಿ ನೂರಕ್ಕೆ 11.4ರಷ್ಟು ಮಂದಿ, ಎಂದರೆ ಸುಮಾರು 10.1 ಕೋಟಿ ಜನ, ಈ ವ್ಯಾಧಿಗೆ ಒಳಗಾಗಿದ್ದಾರೆ. ಅವರಲ್ಲಿ ಬಹುತೇಕರದು ಎರಡನೆಯ ಬಗೆಯ ಮಧುಮೇಹವೇ. ಮೊದಲನೆಯ ಬಗೆಯಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ನಾಶ ಹೊಂದಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವುದರಿಂದ ಅಲ್ಲಿ ಇನ್ಸುಲಿನ್ ಚುಚ್ಚುಮದ್ದು ಅನಿವಾರ್ಯ. ಎರಡನೆಯ ಬಗೆಯಲ್ಲಾದರೋ ಇನ್ಸುಲಿನ್ ಇದ್ದರೂ ಯಕೃತ್ತು, ಸ್ನಾಯು ಮತ್ತು ಮೇದಸ್ಸು ಅದರ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಕಾಲಕ್ರಮದಲ್ಲಿ ಗ್ರಂಥಿಯೂ ಬಳಲುತ್ತದೆ. ಇರುವ ಶಕ್ತಿಯನ್ನು ಎಬ್ಬಿಸಿ, ಇರುವ ಅಡ್ಡಿಯನ್ನು ತಗ್ಗಿಸಿ ಕಾರ್ಯಸಾಧನೆ ಮಾಡಲು ಇಲ್ಲಿ ಅವಕಾಶವುಂಟಾದುದರಿಂದಲೇ ಮಾತ್ರೆಗಳಿಗೆ ಸ್ಥಾನ ದೊರೆತಿದೆ.

ಜನರ ಬಾಯಲ್ಲಿ ಇವೆಲ್ಲಕ್ಕೂ ‘ಶುಗರ್ ಮಾತ್ರೆ’ ಎಂಬ ಒಂದೇ ಹೆಸರು. ಆದರೆ ಈ ಒಂದು ಹೆಸರಿನಡಿಯಲ್ಲಿ ಸ್ವಭಾವದಿಂದಲೂ ಅಪಾಯದಿಂದಲೂ ಪರಸ್ಪರ ಭಿನ್ನವಾದ ಏಳೆಂಟು ವರ್ಗಗಳ ಔಷಧಗಳು ಅಡಗಿವೆ. ಅವುಗಳಲ್ಲಿ ಕೆಲವು, ಉಂಡರೂ ಉಣ್ಣದಿದ್ದರೂ, ರಕ್ತದ ಸಕ್ಕರೆಯನ್ನು ಇಳಿಸಿಯೇ ತೀರುತ್ತವೆ. ಉಳಿದವು ತಾವೊಂದೇ ಇದ್ದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ವಿರಳ. ತಾನು ನಿತ್ಯ ಸೇವಿಸುವ ಮಾತ್ರೆ ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಿದುದೆಂಬುದನ್ನು ರೋಗಿಯೂ, ಆತನಿಗೆ ಅಡುಗೆ ಮಾಡಿ ಬಡಿಸುವವರೂ ತಿಳಿದಿರುವುದು ಸುರಕ್ಷಿತ ಬಳಕೆಯ ಪ್ರಥಮ ಸೋಪಾನ. ಈ ಅರಿವಿಲ್ಲದೆ ಪಥ್ಯ, ವ್ರತ, ಪ್ರಯಾಣ, ಜ್ವರ, ಶಸ್ತ್ರಚಿಕಿತ್ಸೆ ಮೊದಲಾದ ಸಂದರ್ಭಗಳಲ್ಲಿ ಏನು ಮಾಡತಕ್ಕದ್ದೆಂಬುದನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಮೊದಲ ಪಂಗಡದ ಮುಖ್ಯ ಔಷಧಗಳಾದ ಸಲ್ಫೊನೈಲ್ ಯೂರಿಯಗಳು ಬೆಳಕಿಗೆ ಬಂದುದೇ ಒಂದು ಅಪಾಯದ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾಂಬೋನ್ ಎಂಬ ವೈದ್ಯರು ವಿಷಮಶೀತಜ್ವರದ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧವನ್ನು ಕೊಟ್ಟು ನೋಡುತ್ತಿದ್ದಾಗ, ಕೆಲವರು ಪ್ರಜ್ಞೆ ತಪ್ಪುವುದೂ ಸೆಳವಿಗೆ ಒಳಗಾಗುವುದೂ ಕಂಡುಬಂದಿತು. ಇದಕ್ಕೆ ಕಾರಣ ರಕ್ತದ ಸಕ್ಕರೆಯ ತೀವ್ರ ಕುಸಿತವೆಂಬುದು ಗೊತ್ತಾದ ಮೇಲೆ ಅದೇ ನಗರದ ಒಗ್ಯೂಸ್ತ್ ಲುಬಾತಿಯೇರ್ ಅವರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಈ ಬಗೆಯ ದ್ರವ್ಯಗಳು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ನನ್ನು ಹೊರಡಿಸುತ್ತವೆಂದು ಸಾಧಿಸಿ ತೋರಿಸಿದರು. ಹತ್ತಾರು ವರ್ಷಗಳ ತರುವಾಯ ಜರ್ಮನಿಯಲ್ಲಿ ಕಾರ್ಬ್ಯುಟಮೈಡ್, ಅನಂತರ 1956ರ ಸುಮಾರಿಗೆ ಟಾಲ್‌ಬ್ಯುಟಮೈಡ್, ಮುಂದೆ ಕ್ಲೋರ್‌ಪ್ರೊಪಮೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಹೀಗೆ ಒಂದರ ಹಿಂದೊಂದು ಬಳಕೆಗೆ ಬಂದವು. ಮಾಂಪೆಲಿಯೆಯ ಜ್ವರರೋಗಿಗಳಲ್ಲಿ ಕಂಡ ಆ ಗುಣವೇ ಇವುಗಳ ಚಿಕಿತ್ಸಾಶಕ್ತಿ. ಅದೇ ಇವುಗಳ ಮುಖ್ಯ ಅಪಾಯವೂ ಹೌದು.

ಎರಡನೆಯ ಪಂಗಡದ ಪ್ರಮುಖ ಪ್ರತಿನಿಧಿಯಾದ ಮೆಟ್‌ಫಾರ್ಮಿನ್ನಿನ ವಂಶಾವಳಿ ಬೇರೆ. ಯೂರೋಪಿನಲ್ಲಿ ಹಿಂದಿನಿಂದಲೂ ನಾಟಿ ಮದ್ದಾಗಿದ್ದ ಗಲೇಗ ಎಂಬ ದ್ವಿದಳ ಜಾತಿಯ ಗಿಡದಲ್ಲಿ ಗ್ವಾನಿಡೀನ್ ಸಂಬಂಧದ ದ್ರವ್ಯಗಳಿರುವುದೂ, ಅವು ಸಕ್ಕರೆಯನ್ನು ತಗ್ಗಿಸುವುದೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತಿಳಿದುಬಂದಿತು. 1922ರಲ್ಲಿ ಡಬ್ಲಿನ್ನಿನ ರಸಾಯನಜ್ಞರಾದ ವರ್ನರ್ ಮತ್ತು ಬೆಲ್ ಮೆಟ್‌ಫಾರ್ಮಿನ್ನನ್ನು ಸಂಯೋಜಿಸಿದರೂ, ಇನ್ಸುಲಿನ್ನಿನ ಆವಿಷ್ಕಾರದ ಸಂಭ್ರಮದಲ್ಲಿ ಅದು ಮರವೆಗೆ ಸಂದಿತು. 1926ರಲ್ಲಿ ಜರ್ಮನಿಯಲ್ಲಿ ಬಳಕೆಗೆ ತಂದ ಸಿಂಥಾಲಿನ್ ಎಂಬ ಇದರ ಸಮೀಪ ಬಂಧು ಯಕೃತ್ತಿಗೆ ಹಾನಿಕರವೆಂದು ಕಂಡು ತ್ಯಜಿಸಲ್ಪಟ್ಟಿತು. 1957ರಲ್ಲಿ ಫ್ರಾನ್ಸಿನ ಜ್ಯಾಂ ಸ್ಟೆರ್ನ್ ಅವರು ಮಧುಮೇಹಿಗಳಲ್ಲಿ ಮೆಟ್‌ಫಾರ್ಮಿನ್ನಿನ ಪ್ರಯೋಜನವನ್ನು ಪ್ರಕಟಿಸಿದರು. ಅದೇ ಕಾಲದಲ್ಲಿ ಪ್ರಚಾರಕ್ಕೆ ಬಂದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರಗೊಳ್ಳುವಂತೆ ಮಾಡಿ ಹಲವರ ಪ್ರಾಣಹಾನಿಗೆ ಕಾರಣವಾದುದರಿಂದ 1970ರ ದಶಕದ ಅಂತ್ಯದೊಳಗಾಗಿ ಅಮೆರಿಕದಲ್ಲಿ ಹಿಂತೆಗೆಯಲ್ಪಟ್ಟಿತು. ಭಾರತದಲ್ಲಿ ಅದರ ನಿಷೇಧವಾದುದು 2003ರಲ್ಲಿ. ಬಂಧುವಿನ ಈ ಅಪಕೀರ್ತಿಯ ನೆರಳು ಮೆಟ್‌ಫಾರ್ಮಿನ್ನಿನ ಮೇಲೂ ಬಿದ್ದು, ಅಮೆರಿಕ ಅದಕ್ಕೆ ಅನುಮತಿ ಕೊಟ್ಟುದು 1994ರಲ್ಲಷ್ಟೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಐದು ಸಹಸ್ರಕ್ಕೂ ಮಿಕ್ಕ ರೋಗಿಗಳನ್ನು ದೀರ್ಘಕಾಲ ಅನುಸರಿಸಿ 1998ರಲ್ಲಿ ಪ್ರಕಟವಾದ ಅಧ್ಯಯನವು, ಸ್ಥೂಲಕಾಯದ ಮಧುಮೇಹಿಗಳಲ್ಲಿ ಈ ಔಷಧವು ಹೃದಯಾಘಾತವನ್ನೂ ಮರಣವನ್ನೂ ಕಡಮೆ ಮಾಡುತ್ತದೆಂದು ತೋರಿಸಿದ ಮೇಲೆ ಅದರ ಪ್ರತಿಷ್ಠೆ ಸ್ಥಿರವಾಯಿತು.

ಇನ್ನು ಬಳಕೆಯ ವಿಚಾರ. ಸಲ್ಫೊನೈಲ್ ಯೂರಿಯ ಸೇವಿಸುವವರ ಮಟ್ಟಿಗೆ ಮಾತ್ರೆಗೂ ಊಟಕ್ಕೂ ಇರುವ ಸಂಬಂಧ ಎಂದೂ ಕಡಿಯಬಾರದು. ಗ್ಲಿಮೆಪಿರೈಡ್ ಮೊದಲಾದುವನ್ನು ದಿನದ ಮೊದಲ ಮುಖ್ಯ ಆಹಾರಕ್ಕೆ ಸ್ವಲ್ಪ ಮುಂಚೆ ಅಥವಾ ಅದರ ಜೊತೆಯಲ್ಲಿಯೇ ತೆಗೆದುಕೊಳ್ಳುವುದು ರೂಢಿ. ಮಾತ್ರೆ ನುಂಗಿಯಾದ ಮೇಲೆ ಊಟ ತಡವಾದರೆ, ಅರ್ಧಕ್ಕೆ ನಿಂತರೆ, ಇಲ್ಲವೇ ಎಂದಿಗಿಂತ ಹೆಚ್ಚಿನ ದೇಹಶ್ರಮ ಒದಗಿದರೆ ಸಕ್ಕರೆ ಕುಸಿಯುವ ಸಂಭವವುಂಟು. ಮದುವೆಯ ಮನೆಯಲ್ಲಿ ಮುಹೂರ್ತ ಮುಗಿದು ಪಂಕ್ತಿ ಸೇರುವ ತನಕ ಕಾಯುವ ಹಿರಿಯರು, ನಸುಕಿನಲ್ಲಿ ಮಾತ್ರೆ ನುಂಗಿ ಬುತ್ತಿ ಬರುವುದಕ್ಕೆ ಮೊದಲೇ ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಕೃಷಿಕರು, ದೂರದ ಊರಿಗೆ ಬಸ್ಸು ಹಿಡಿಯುವ ಆತುರದಲ್ಲಿ ತಿಂಡಿಯನ್ನು ಮರೆತು ಮಾತ್ರೆಯನ್ನು ಮಾತ್ರ ಮರೆಯದವರು, ಇವರೆಲ್ಲ ಈ ಅಪಾಯಕ್ಕೆ ಸುಲಭವಾಗಿ ಈಡಾಗತಕ್ಕವರು. ನಿಯಮನಿಷ್ಠೆಯಿಂದ ಮಾತ್ರೆ ನುಂಗುವ ಸದ್ಗುಣವೇ ಇಲ್ಲಿ ತೊಂದರೆಗೆ ದಾರಿಯಾಗುವುದರಿಂದ, ಊಟವಿಲ್ಲವಾದರೆ ಆ ಹೊತ್ತಿನ ಈ ಮಾತ್ರೆಯೂ ಇಲ್ಲವೆಂಬ ಸೂಚನೆಯನ್ನು ವೈದ್ಯರು ಮೊದಲ ದಿನವೇ ಸ್ಪಷ್ಟವಾಗಿ ಕೊಡುವುದು ಯುಕ್ತ.

100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದನ್ನು ನ್ಯೂನಶರ್ಕರಾವಸ್ಥೆ ಎನ್ನುತ್ತಾರೆ. ರೂಢಿಯಲ್ಲಿ ‘ಲೋ ಶುಗರ್’. ಕೈನಡುಕ, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ತಡೆಯಲಾಗದ ಹಸಿವು, ಕಣ್ಣು ಮಂಜಾಗುವುದು ಇದರ ಪೂರ್ವಲಕ್ಷಣಗಳು. ಮಿದುಳಿಗೆ ಸಕ್ಕರೆಯ ಪೂರೈಕೆ ಇನ್ನೂ ತಗ್ಗಿದಂತೆ ಮಾತು ತೊದಲುತ್ತದೆ, ಬುದ್ಧಿ ಗೊಂದಲಗೊಳ್ಳುತ್ತದೆ, ಸಿಡುಕು ಬರುತ್ತದೆ, ಕಡೆಗೆ ಎಚ್ಚರ ತಪ್ಪುತ್ತದೆ. ವೃದ್ಧರಲ್ಲಿ ಪೂರ್ವಲಕ್ಷಣಗಳು ಅಸ್ಪಷ್ಟವಾಗಿದ್ದು, ಮನೆಯವರು ಅದನ್ನು ವಯಸ್ಸಿನ ಮರವೆಯೆಂದೋ, ಪಾರ್ಶ್ವವಾಯುವೆಂದೋ ಭ್ರಮಿಸುವುದುಂಟು. ಎಚ್ಚರವಿರುವವರಿಗೆ ಕೂಡಲೆ ಸುಮಾರು 15 ಗ್ರಾಮ್, ಎಂದರೆ ಮೂರು ಚಹಾ ಚಮಚದಷ್ಟು, ಗ್ಲೂಕೋಸ್ ಪುಡಿಯನ್ನಾಗಲಿ ಸಕ್ಕರೆಯನ್ನಾಗಲಿ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಗಳಾದ ಮೇಲೆ ಪುನಃ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಟ್ಟು, ಚೇತರಿಸಿದ ಬಳಿಕ ಅನ್ನವನ್ನೋ ಮುದ್ದೆಯನ್ನೋ ಇಡ್ಲಿಯನ್ನೋ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಮುಳುವಾಗಬಹುದಾದ್ದರಿಂದ ಅವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮುಖ್ಯವಾದ ಇನ್ನೊಂದು ಸಂಗತಿಯುಂಟು. ಸಲ್ಫೊನೈಲ್ ಯೂರಿಯದಿಂದ ಉಂಟಾದ ಕುಸಿತವು ಒಮ್ಮೆ ಸರಿಹೋದಂತೆ ಕಂಡರೂ, ಔಷಧ ದೇಹದಲ್ಲಿ ಉಳಿದಿರುವ ಕಾರಣ, ಕೆಲವು ಗಂಟೆಗಳ ಬಳಿಕ ಮರುಕಳಿಸಬಲ್ಲದು. ಗ್ಲಿಬೆನ್‌ಕ್ಲಮೈಡ್ ವಿಷಯದಲ್ಲಂತೂ ಇದು ಹೆಚ್ಚು. ಅದರ ವಿಘಟಿತ ದ್ರವ್ಯಗಳೂ ಸಕ್ಕರೆ ಇಳಿಸುವ ಗುಣವುಳ್ಳವಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದುದರಿಂದ, ವೃದ್ಧರಿಗೂ ಮೂತ್ರಪಿಂಡ ದುರ್ಬಲವಾದವರಿಗೂ ಅದು ಹಿತವಲ್ಲ. ಅಗ್ಗವೆಂಬ ಒಂದೇ ಕಾರಣಕ್ಕೆ ಎಪ್ಪತ್ತು ದಾಟಿದವರಿಗೆ ಅದನ್ನು ಮುಂದುವರಿಸುತ್ತ ಹೋಗುವುದು ಸಮರ್ಥನೀಯವಲ್ಲವೆಂದು ಹೇಳಲೇಬೇಕು.

ಉಪವಾಸದ ಪ್ರಶ್ನೆ ಇದಕ್ಕೆ ಹೊಂದಿಕೊಂಡದ್ದು. ಏಕಾದಶಿಯಂದು ನಿರಾಹಾರವಾಗಿ ಇರುವವರೂ, ರಂಜಾನ್ ಮಾಸದಲ್ಲಿ ಹಗಲೆಲ್ಲ ನೀರನ್ನೂ ಮುಟ್ಟದವರೂ ವ್ರತವನ್ನು ಆರಂಭಿಸುವುದಕ್ಕೆ ಕೆಲವು ವಾರಗಳ ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿಕೊಳ್ಳಬೇಕು. ರಂಜಾನಿನ ಬಗ್ಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ವಿವರವಾದ ಮಾರ್ಗದರ್ಶನವನ್ನೇ ಹೊರಡಿಸಿದೆ: ಸಲ್ಫೊನೈಲ್ ಯೂರಿಯದ ಮುಖ್ಯ ಪ್ರಮಾಣವನ್ನು ಸಂಜೆಯ ಇಫ್ತಾರಿಗೆ ವರ್ಗಾಯಿಸುವುದು, ಹಗಲಿನಲ್ಲಿ ರಕ್ತಪರೀಕ್ಷೆ ಮಾಡಿಕೊಳ್ಳುವುದು, ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ಮುರಿಯುವುದು ಅದರ ಸಾರ. ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ಪರೀಕ್ಷಿಸುವುದರಿಂದ ಉಪವಾಸ ಭಂಗವಾಗುವುದಿಲ್ಲವೆಂಬುದನ್ನು ಧಾರ್ಮಿಕ ವಿದ್ವಾಂಸರೂ ಒಪ್ಪಿದ್ದಾರೆ. ಏಕಾದಶಿಯವರಿಗೂ ಇದೇ ವಿವೇಕ ಅನ್ವಯಿಸುತ್ತದೆ.

ಮೆಟ್‌ಫಾರ್ಮಿನ್ ಯಕೃತ್ತು ಹೊರಚೆಲ್ಲುವ ಸಕ್ಕರೆಯನ್ನು ಮುಖ್ಯವಾಗಿ ತಗ್ಗಿಸುತ್ತದೆ. ತಾನೊಂದೇ ಇದ್ದಾಗ ‘ಲೋ ಶುಗರ್’ ಉಂಟುಮಾಡುವುದು ವಿರಳ. ಆರಂಭದಲ್ಲಿ ಹೊಟ್ಟೆ ತೊಳಸುವುದು, ಭೇದಿ, ಬಾಯಿಯಲ್ಲಿ ಲೋಹದ ರುಚಿ ಇವು ಅನೇಕರನ್ನು ಕಾಡುತ್ತವೆ. ಊಟದ ಜೊತೆಯಲ್ಲಿ ಅಥವಾ ಊಟವಾದ ಕೂಡಲೆ, 500 ಮಿಲಿಗ್ರಾಮಿನಿಂದ ತೊಡಗಿ ವಾರಗಳ ಅಂತರದಲ್ಲಿ ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಈ ಉಪದ್ರವ ಬಹುಮಟ್ಟಿಗೆ ತಗ್ಗುತ್ತದೆ. ‘ಎಸ್‌ಆರ್’ ಅಥವಾ ‘ಎಕ್ಸ್‌ಆರ್’ ಎಂದು ಗುರುತುಳ್ಳ ನಿಧಾನವಾಗಿ ಕರಗುವ ಗುಳಿಗೆಗಳನ್ನು ಜಗಿಯಬಾರದು, ಪುಡಿ ಮಾಡಬಾರದು. ಔಷಧವೆಲ್ಲ ಹೀರಲ್ಪಟ್ಟ ಮೇಲೆ ಅದರ ಪೊಳ್ಳು ಹೊರಕವಚ ಮಲದಲ್ಲಿ ಕಾಣಿಸಿಕೊಂಡರೆ ಗಾಬರಿಪಡಬೇಕಾದುದೂ ಇಲ್ಲ. ವರ್ಷಾನುಗಟ್ಟಲೆ ಸೇವಿಸುವವರಲ್ಲಿ ಬಿ12 ಜೀವಸತ್ತ್ವದ ಹೀರಿಕೆ ಕುಗ್ಗುತ್ತದೆ. ಮಾಂಸ ಮೊಟ್ಟೆಗಳನ್ನು ಮುಟ್ಟದ ನಮ್ಮ ಶಾಕಾಹಾರಿಗಳಲ್ಲಿ ಆ ಸತ್ತ್ವ ಮೊದಲೇ ವಿರಳವಾದುದರಿಂದ ಕೊರತೆ ಇನ್ನೂ ಬೇಗ ಕಾಣಿಸಿಕೊಂಡು, ಅಂಗಾಲಿನ ಉರಿಯೂ ಜೋಮೂ ಮಧುಮೇಹದ ನರದೋಷದಿಂದಲೇ ಬಂದುವೆಂದು ತಪ್ಪು ತಿಳಿಯುವುದಕ್ಕೆ ಆಸ್ಪದವಾಗುತ್ತದೆ. ಆದುದರಿಂದ ಕಾಲಕಾಲಕ್ಕೆ ಬಿ12 ಪರೀಕ್ಷೆ ಮಾಡಿಸುವುದು ಅಪೇಕ್ಷಣೀಯ.

‘ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತದೆ’ ಎಂಬ ಮಾತು ನಮ್ಮಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಈ ಭಯದಿಂದ ಚಿಕಿತ್ಸೆಯನ್ನೇ ಕೈಬಿಟ್ಟು, ಬಳಿಕ ನಿಯಂತ್ರಣ ತಪ್ಪಿದ ಸಕ್ಕರೆಯಿಂದಲೇ ಮೂತ್ರಪಿಂಡಗಳನ್ನು ಕಳೆದುಕೊಳ್ಳುವವರಿರುವುದು ಅತ್ಯಂತ ವಿಷಾದದ ಸಂಗತಿ. ವಾಸ್ತವವಾಗಿ ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಅದು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಆ ಅಂಗ ಅನ್ಯಕಾರಣಗಳಿಂದ ಈಗಾಗಲೇ ಬಹಳ ದುರ್ಬಲವಾಗಿದ್ದರೆ ಔಷಧ ರಕ್ತದಲ್ಲಿ ಶೇಖರಗೊಂಡು ಲ್ಯಾಕ್ಟಿಕ್ ಆಮ್ಲದ ತೊಂದರೆಗೆ ಎಡೆಮಾಡಬಹುದು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಸೂಚಿಸುವ ಇ-ಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ವರ್ಜ್ಯ. 30ರಿಂದ 45ರ ನಡುವೆ ಹೊಸದಾಗಿ ಆರಂಭಿಸುವುದಿಲ್ಲ, ಈಗಾಗಲೇ ಸೇವಿಸುತ್ತಿರುವವರಲ್ಲಿ ಪ್ರಮಾಣವನ್ನು ಪುನರ್ವಿಮರ್ಶಿಸುತ್ತಾರೆ. ತೀವ್ರವಾದ ವಾಂತಿಭೇದಿಯಾದಾಗ, ಅತಿಯಾದ ಮದ್ಯಪಾನವಿದ್ದಾಗ, ಮೂತ್ರಪಿಂಡ ದುರ್ಬಲವಾದವರು ಅಯೊಡಿನ್‌ಯುಕ್ತ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ ತೆಗೆಯುವ ಸ್ಕ್ಯಾನಿಗೆ ಒಳಗಾಗುವಾಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುವುದೂ ಇದೇ ಕಾರಣಕ್ಕೆ.

ಅಕಾರ್ಬೋಸ್ ಮತ್ತು ವೊಗ್ಲಿಬೋಸ್ ಕರುಳಿನಲ್ಲಿ ಪಿಷ್ಟ ಸಕ್ಕರೆಗಳ ಪಚನವನ್ನು ನಿಧಾನಗೊಳಿಸತಕ್ಕವು. ಮೊದಲ ತುತ್ತಿನೊಡನೆ ಸೇವಿಸಿದರೆ ಮಾತ್ರ ಪ್ರಯೋಜನ. ಹೊಟ್ಟೆಯುಬ್ಬರ ಮತ್ತು ವಾಯು ಇವುಗಳ ಸಾಮಾನ್ಯ ಉಪದ್ರವ. ಇವುಗಳ ಜೊತೆ ಗ್ಲಿಮೆಪಿರೈಡ್ ಮುಂತಾದುವನ್ನೂ ಸೇವಿಸುವವರಿಗೆ ಸಕ್ಕರೆ ಕುಸಿದಾಗ ಮನೆಯ ಸಕ್ಕರೆಯಾಗಲಿ ಬೆಲ್ಲವಾಗಲಿ ಬೇಗನೆ ಕೆಲಸ ಮಾಡದು, ಏಕೆಂದರೆ ಅದನ್ನು ಒಡೆಯುವ ಕಿಣ್ವವೇ ಇಲ್ಲಿ ತಡೆಹಿಡಿಯಲ್ಪಟ್ಟಿರುತ್ತದೆ. ಅವರು ಗ್ಲೂಕೋಸ್ ಪುಡಿಯನ್ನೇ ಜೊತೆಯಲ್ಲಿಟ್ಟುಕೊಂಡಿರತಕ್ಕದ್ದು.

ಇನ್ಸುಲಿನ್ನಿಗೆ ದೇಹದ ಸ್ಪಂದನವನ್ನು ಹೆಚ್ಚಿಸುವ ಗ್ಲಿಟಜೋನುಗಳ ಚರಿತ್ರೆ ಏಳುಬೀಳುಗಳಿಂದ ಕೂಡಿದೆ. ಮೊದಲನೆಯದಾದ ಟ್ರೊಗ್ಲಿಟಜೋನ್ ಯಕೃತ್ತಿಗೆ ಹಾನಿ ಮಾಡಿದುದರಿಂದ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ರೊಸಿಗ್ಲಿಟಜೋನ್ ಹೃದಯದ ಮೇಲಿನ ಪರಿಣಾಮದ ಶಂಕೆಯಿಂದ 2010ರಲ್ಲಿ ಭಾರತದಲ್ಲಿ ನಿಷೇಧಿಸಲ್ಪಟ್ಟಿತು. ಉಳಿದ ಪಯೋಗ್ಲಿಟಜೋನನ್ನು ಮೂತ್ರಕೋಶದ ಕ್ಯಾನ್ಸರಿನ ಆತಂಕದಿಂದ ಕೇಂದ್ರ ಸರ್ಕಾರ 2013ರ ಜೂನಿನಲ್ಲಿ ತಡೆಹಿಡಿದು, ತಜ್ಞರ ಅಭಿಪ್ರಾಯ ಪಡೆದು ಮುಂದಿನ ತಿಂಗಳಲ್ಲಿಯೇ ಎಚ್ಚರಿಕೆಯ ಒಕ್ಕಣೆಯೊಡನೆ ಮರಳಿ ಬಿಡುಗಡೆ ಮಾಡಿತು. ಕಾಲಿನ ಊತ, ಮೂಳೆಯ ಸವಕಳಿ ಇದರಿಂದ ಸಂಭವಿಸಬಹುದು. ಹೃದಯದೌರ್ಬಲ್ಯವುಳ್ಳವರೂ, ಮೂತ್ರಕೋಶದ ಕ್ಯಾನ್ಸರ್ ಇರುವವರೂ ಹಿಂದೆ ಇದ್ದವರೂ ಇದನ್ನು ಮುಟ್ಟಬಾರದು. ಹಠಾತ್ತನೆ ತೂಕವೇರಿ ಉಬ್ಬಸ ತೋರಿದರೆ, ಮೂತ್ರದಲ್ಲಿ ರಕ್ತ ಕಂಡರೆ ಒಡನೆಯೇ ವೈದ್ಯರಿಗೆ ತಿಳಿಸಬೇಕು.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮೊದಲಾದ ಗ್ಲಿಪ್ಟಿನುಗಳು ಸೌಮ್ಯ ಸ್ವಭಾವದವು. ಊಟದ ಹಂಗಿಲ್ಲದೆ ಸೇವಿಸಬಹುದಾದವು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹರಡುವ ಕಠಿನ ನೋವು ಬಂದರೆ ಮೇದೋಜೀರಕದ ಉರಿಯೂತವನ್ನು ಶಂಕಿಸಿ ನಿಲ್ಲಿಸತಕ್ಕದ್ದು.

ಈಚಿನ ಒಂದು ದಶಕದಲ್ಲಿ ಬಹಳ ಗೌರವ ಗಳಿಸಿರುವುದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಗ್ಲಿಫ್ಲೋಜಿನುಗಳು. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಬೇರ್ಪಡಿಸಲಾದ ಫ್ಲೋರಿಜಿನ್ ಎಂಬ ದ್ರವ್ಯ ಇವುಗಳ ಮೂಲಪುರುಷ. ಮೂತ್ರಪಿಂಡವು ಸಾಮಾನ್ಯವಾಗಿ ಹಿಂದಕ್ಕೆ ಹೀರಿಕೊಳ್ಳುವ ಸಕ್ಕರೆಯನ್ನು ಮೂತ್ರದಲ್ಲಿಯೇ ಹೊರಹೋಗುವಂತೆ ಮಾಡುವುದು ಇವುಗಳ ಕ್ರಮ. ಸಕ್ಕರೆಯ ನಿಯಂತ್ರಣವಲ್ಲದೆ, ದುರ್ಬಲ ಹೃದಯವನ್ನೂ ಮೂತ್ರಪಿಂಡವನ್ನೂ ಇವು ರಕ್ಷಿಸುತ್ತವೆಂದು 2015ರಿಂದೀಚೆಗೆ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿವೆ. ಇವನ್ನು ಸೇವಿಸುವವರ ಮೂತ್ರದಲ್ಲಿ ಯಾವಾಗಲೂ ಸಕ್ಕರೆ ಕಂಡುಬರುವುದರಿಂದ ಅವರಿಗೆ ಮೂತ್ರಪರೀಕ್ಷೆಯ ಮೂಲಕ ರೋಗದ ಹತೋಟಿಯನ್ನು ಅಳೆಯಲಾಗದು. ಸಕ್ಕರೆ ಬೆರೆತ ಮೂತ್ರದಿಂದ ಗುಹ್ಯಾಂಗಗಳಲ್ಲಿ ಬೂಷ್ಟಿನ ಸೋಂಕು ಉಂಟಾಗುವುದು ಸಾಮಾನ್ಯ. ಸಂಕೋಚದಿಂದ ಇದನ್ನು ವೈದ್ಯರೆದುರು ಹೇಳದೆ ತಿಂಗಳುಗಟ್ಟಲೆ ನರಳುವ ಸ್ತ್ರೀಪುರುಷರಿದ್ದಾರೆ. ನೀರಿನಿಂದ ಶುಚಿಯಾಗಿರಿಸಿಕೊಳ್ಳುವುದೂ, ತುರಿಕೆ ಕಂಡೊಡನೆ ಮುಲಾಮು ಪಡೆಯುವುದೂ ಸುಲಭೋಪಾಯ. ಬಿರುಬೇಸಗೆಯಲ್ಲಿ ರಾಯಚೂರು, ಕಲಬುರಗಿಯ ಕಡೆ ಬಿಸಿಲಿನಲ್ಲಿ ದುಡಿಯುವವರು, ಅದರಲ್ಲೂ ರಕ್ತದೊತ್ತಡಕ್ಕಾಗಿ ಮೂತ್ರಲ ಔಷಧವನ್ನೂ ಸೇವಿಸುವವರು, ದೇಹದ ನೀರು ಬತ್ತದಂತೆ ನೋಡಿಕೊಳ್ಳಬೇಕು.

ಗ್ಲಿಫ್ಲೋಜಿನುಗಳಿಂದ ವಿರಳವಾಗಿಯಾದರೂ ಒದಗಬಹುದಾದ ಘೋರ ವಿಪತ್ತು, ಕೀಟೋನ್ ಎಂಬ ಆಮ್ಲದ್ರವ್ಯಗಳು ರಕ್ತದಲ್ಲಿ ಶೇಖರಗೊಳ್ಳುವ ಕೀಟೋ ಆಮ್ಲೀಯತೆ. ಮೊದಲನೆಯ ಬಗೆಯ ಮಧುಮೇಹದಲ್ಲಿ ಇದು ಬಂದಾಗ ರಕ್ತದ ಸಕ್ಕರೆ ಸಾಮಾನ್ಯವಾಗಿ ಬಹಳ ಏರಿರುತ್ತದೆ. ಇಲ್ಲಿ ಅದು ಬಹುತೇಕ ಸಹಜವಾಗಿಯೇ ಇರಬಹುದಾದುದರಿಂದ ರೋಗಿಯೂ, ಒಮ್ಮೊಮ್ಮೆ ವೈದ್ಯರೂ ಮೋಸಹೋಗುವ ಸಂಭವವುಂಟು. ವಾಂತಿ, ಹೊಟ್ಟೆನೋವು, ದೀರ್ಘವಾದ ಉಸಿರು, ಅತಿಯಾದ ಬಳಲಿಕೆ ಕಂಡಾಗ, ಗ್ಲೂಕೋಮೀಟರು ಏನೇ ಹೇಳಲಿ, ಮಾತ್ರೆಯ ಹೆಸರನ್ನು ತಿಳಿಸಿ ಕೀಟೋನ್ ಪರೀಕ್ಷೆ ಮಾಡಿಸುವಂತೆ ಕೇಳಬೇಕು. ದೀರ್ಘ ಉಪವಾಸ, ಅನ್ನ ರಾಗಿಗಳನ್ನು ಪೂರ್ತಿ ತೊರೆಯುವ ಕಟ್ಟುನಿಟ್ಟಿನ ಪಥ್ಯ, ಅತಿಮದ್ಯಪಾನ ಇವು ಇದಕ್ಕೆ ಪ್ರೇರಕಗಳು. ನಿಗದಿಯಾದ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮುಂಚೆ ಇವನ್ನು ನಿಲ್ಲಿಸುವುದು ವಿಧಿ.

ಚುಚ್ಚುಮದ್ದಾಗಿ ಪ್ರಸಿದ್ಧವಾದ ಸೆಮಾಗ್ಲುಟೈಡ್ 2019ರಿಂದ ಮಾತ್ರೆಯ ರೂಪದಲ್ಲಿಯೂ ದೊರೆಯುತ್ತಿದೆ. ಎದ್ದ ಕೂಡಲೆ ಬರಿಹೊಟ್ಟೆಯಲ್ಲಿ, 120 ಮಿಲಿಲೀಟರಿಗೆ ಮೀರದ ನೀರಿನೊಡನೆ ನುಂಗಿ, ಅರ್ಧ ಗಂಟೆಯವರೆಗೆ ಕಾಫಿಯನ್ನೂ ಸೇರಿಸಿ ಏನನ್ನೂ ಸೇವಿಸದೆ ಇದ್ದರೆ ಮಾತ್ರ ಅದು ದೇಹಕ್ಕೆ ಹತ್ತುತ್ತದೆ.

ನಮ್ಮ ದೇಶದಲ್ಲಿ ಎರಡು ಮೂರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಿ ಮಾರುವ ಪದ್ಧತಿ ವಿಶೇಷವಾಗಿ ಬೆಳೆದಿದೆ. ನುಂಗಬೇಕಾದ ಗುಳಿಗೆಗಳ ಸಂಖ್ಯೆ ಕಡಮೆಯಾಗುವುದು ಇದರ ಅನುಕೂಲ. ಒಂದರ ಪ್ರಮಾಣವನ್ನು ಮಾತ್ರ ಇಳಿಸಲಾಗದಿರುವುದು, ಒಳಗಿರುವುದೇನೆಂಬುದು ಸೇವಿಸುವವನಿಗೆ ತಿಳಿಯದಿರುವುದು ಅನನುಕೂಲ. 2018ರಲ್ಲಿ ಸರ್ಕಾರ ನಿಷೇಧಿಸಿದ 328 ಸಂಯುಕ್ತ ಔಷಧಗಳಲ್ಲಿ ಮಧುಮೇಹದ ಕೆಲವು ಗುಳಿಗೆಗಳೂ ಇದ್ದವು. ಹೆಸರಿನ ಕೊನೆಗೆ ಅಂಟಿಕೊಂಡ 1, 2 ಎಂಬ ಅಂಕಿಗಳು ಬಹುಮಟ್ಟಿಗೆ ಗ್ಲಿಮೆಪಿರೈಡಿನ ಮಿಲಿಗ್ರಾಮುಗಳನ್ನು ಸೂಚಿಸುತ್ತವೆ. ಅಂಗಡಿಯಲ್ಲಿ 1ರ ಬದಲು 2 ಕೈಗೆ ಬಂದರೆ ಸಕ್ಕರೆ ಇಳಿಸುವ ಆ ಔಷಧದ ಪ್ರಮಾಣ ಇಮ್ಮಡಿಯಾಯಿತೆಂದೇ ಅರ್ಥ. ಒಬ್ಬ ವೈದ್ಯರು ಒಂದು ವ್ಯಾಪಾರನಾಮದಲ್ಲಿಯೂ, ಇನ್ನೊಬ್ಬರು ಮತ್ತೊಂದರಲ್ಲಿಯೂ ಬರೆದುಕೊಟ್ಟ ಒಂದೇ ಔಷಧವನ್ನು ಎರಡೆಂದು ಭಾವಿಸಿ ಎರಡನ್ನೂ ಸೇವಿಸುವ ಪ್ರಮಾದ ಅಪರೂಪವಲ್ಲ. ಜನೌಷಧಿ ಕೇಂದ್ರಗಳಲ್ಲಿ ಮೂಲದ್ರವ್ಯದ ಹೆಸರಿನಲ್ಲಿಯೇ ಅಗ್ಗವಾಗಿ ದೊರೆಯುವ ಮಾತ್ರೆಗಳಿಗೆ ಬದಲಾಯಿಸಿಕೊಳ್ಳುವವರು ಹಳೆಯ ಪಟ್ಟಿಯನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ದ್ರವ್ಯವನ್ನೂ ಪ್ರಮಾಣವನ್ನೂ ತಾಳೆನೋಡಿ, ಹಳೆಯದನ್ನು ಮನೆಯಿಂದ ತೆಗೆದುಹಾಕಬೇಕು. ಪಟ್ಟಿಯನ್ನು ಕತ್ತರಿಸಿ ಬಿಡಿಬಿಡಿಯಾಗಿ ಕೊಳ್ಳುವ ಅಭ್ಯಾಸದಿಂದ ಹೆಸರೂ ಅವಧಿಯ ತಾರೀಖೂ ಕಳೆದುಹೋಗುತ್ತವೆ. ಮಾತ್ರೆಗಳ ಹೆಸರನ್ನು ಬರೆದ ಚೀಟಿಯೊಂದು ಸದಾ ಜೇಬಿನಲ್ಲೋ ಕೈಚೀಲದಲ್ಲೋ ಇದ್ದರೆ ಆಪತ್ಕಾಲದಲ್ಲಿ ಅದೇ ಪ್ರಾಣ ಉಳಿಸಬಹುದು. ಒಂದು ಹೊತ್ತಿನದು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡನ್ನು ಕೂಡಿಸಿ ನುಂಗಬಾರದು.

ಅನ್ಯ ರೋಗಗಳಿಗಾಗಿ ಸೇವಿಸುವ ಔಷಧಗಳೂ ಇಲ್ಲಿ ಕೈಹಾಕುತ್ತವೆ. ಬೂಷ್ಟಿನ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಸೋಂಕುನಾಶಕಗಳಾದ ಕೋಟ್ರೈಮಾಕ್ಸಜೋಲ್ ಮತ್ತು ಕ್ಲಾರಿತ್ರೊಮೈಸಿನ್ ಇವು ಸಲ್ಫೊನೈಲ್ ಯೂರಿಯದ ಪ್ರಭಾವವನ್ನು ಹೆಚ್ಚಿಸಿ ಸಕ್ಕರೆಯನ್ನು ಕುಸಿಯಿಸಬಲ್ಲವು. ಗ್ಯಾಟಿಫ್ಲಾಕ್ಸಾಸಿನ್ ಎಂಬ ಸೋಂಕುನಾಶಕವಂತೂ ಸಕ್ಕರೆಯನ್ನು ಮೇಲಕ್ಕೂ ಕೆಳಕ್ಕೂ ಅಸ್ತವ್ಯಸ್ತಗೊಳಿಸಿದ ಕಾರಣ ಅದರ ಸೇವನೆಯ ರೂಪಗಳನ್ನು ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಯಿತು. ಉಬ್ಬಸಕ್ಕೂ ಕೀಲುನೋವಿಗೂ ಕೊಡುವ ಸ್ಟಿರಾಯ್ಡುಗಳು ಸಕ್ಕರೆಯನ್ನು ಏರಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಪ್ರತಿಬಂಧಕಗಳು ಕುಸಿತದ ಸೂಚನೆಗಳಾದ ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತವೆ, ಬೆವರೊಂದು ಉಳಿದಿರುತ್ತದೆ. ಬರಿಹೊಟ್ಟೆಯ ಮದ್ಯಪಾನ ಯಕೃತ್ತಿನ ಸಕ್ಕರೆಯುತ್ಪತ್ತಿಯನ್ನು ತಡೆದು ಮಾತ್ರೆಯ ಜೊತೆಗೂಡಿ ಮಧ್ಯರಾತ್ರಿಯಲ್ಲಿ ಕುಸಿತ ತರಬಲ್ಲದು.

ಹಾಗಲಕಾಯಿ, ಮೆಂತ್ಯ, ನೇರಳೆಬೀಜ, ಮಧುನಾಶಿನಿ, ಅಮೃತಬಳ್ಳಿ ಇವುಗಳ ಮೇಲೆ ನಮ್ಮ ಜನಕ್ಕಿರುವ ವಿಶ್ವಾಸ ಹಳೆಯದು. ಆಹಾರವಾಗಿ ಹಾಗಲವನ್ನೂ ಮೆಂತ್ಯವನ್ನೂ ಬಳಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಮಾತ್ರೆಯನ್ನು ಬಿಟ್ಟು ಅದರ ಸ್ಥಾನದಲ್ಲಿ ಕಷಾಯವನ್ನಿಡುವುದು ಅಪಾಯಕರ. ಅಮೃತಬಳ್ಳಿಯನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುದು ಕೋವಿಡ್ ಪಿಡುಗಿನ ಕಾಲದಲ್ಲಿ ವರದಿಯಾಯಿತು. ಹೆಸರು ಪತ್ತೆಯಿಲ್ಲದ ಪುಡಿಗಳಲ್ಲಿ ಆಧುನಿಕ ಔಷಧವನ್ನೇ ಗುಪ್ತವಾಗಿ ಬೆರೆಸುವ ದುಷ್ಕೃತ್ಯವೂ ಉಂಟು. 2008ರಲ್ಲಿ ಸಿಂಗಪುರದಲ್ಲಿ ಮಧುಮೇಹವಿಲ್ಲದ ನೂರಕ್ಕೂ ಹೆಚ್ಚು ಜನ ಸಕ್ಕರೆ ಕುಸಿದು ಆಸ್ಪತ್ರೆ ಸೇರಿ ನಾಲ್ವರು ಮೃತರಾದಾಗ, ಅವರಲ್ಲಿ ಅನೇಕರು ಸೇವಿಸಿದ್ದ ಕಾಮೋತ್ತೇಜಕ ಗುಳಿಗೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿದ್ದುದು ಪತ್ತೆಯಾಯಿತು. ಎರಡು ದಿನದಲ್ಲಿ ಸಕ್ಕರೆಯನ್ನು ಇಳಿಸುವ ಬೇರುಪುಡಿಯನ್ನು ಕೊಂಡವರು ಈ ಘಟನೆಯನ್ನು ನೆನೆಯುವುದು ಒಳ್ಳೆಯದು.

ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನೂರಕ್ಕೆ 7ರ ಒಳಗಿರುವುದು ಬಹುಜನರಿಗೆ ಗುರಿ; ಅತಿವೃದ್ಧರಿಗೆ, ಒಂಟಿಯಾಗಿ ವಾಸಿಸುವವರಿಗೆ, ಪದೇ ಪದೇ ಸಕ್ಕರೆ ಕುಸಿಯುವವರಿಗೆ ಈ ಗುರಿಯನ್ನು ಸಡಿಲಿಸುವುದೇ ವಿವೇಕ. ನಮ್ಮ ಸ್ತ್ರೀಯರಲ್ಲಿ ವ್ಯಾಪಕವಾದ ಕಬ್ಬಿಣದ ಕೊರತೆಯ ರಕ್ತಹೀನತೆಯಿಂದ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದಾದುದರಿಂದ, ಅದೊಂದನ್ನೇ ನಂಬಿ ಮಾತ್ರೆ ಏರಿಸುವುದು ಸರಿಯಲ್ಲ. ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಪರೀಕ್ಷೆ ಬೇಕು. ಗರ್ಭ ಧರಿಸಲು ಇಚ್ಛಿಸುವವರು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಿದರೆ, ಗರ್ಭಕಾಲಕ್ಕೆ ಹೆಚ್ಚು ವಿಶ್ವಸನೀಯವಾದ ಇನ್ಸುಲಿನ್ನಿಗೆ ಕ್ರಮವಾಗಿ ಬದಲಾಯಿಸಲು ಸಾಧ್ಯವಾಗುತ್ತದೆ. ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿ ಬಂದಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರು ಬಹಳ. ಸರಿಯಾಗಿ ಬಂದುದು ಆ ಮಾತ್ರೆಯಿಂದಲೇ ಎಂಬುದನ್ನು ಅವರಿಗೆ ಸಮಾಧಾನದಿಂದ ತಿಳಿಯಹೇಳಬೇಕು. ತೂಕವನ್ನು ಗಣನೀಯವಾಗಿ ಇಳಿಸಿಕೊಂಡು ಔಷಧವಿಲ್ಲದೆ ಇರಬಲ್ಲವರಾದವರೂ ಇದ್ದಾರೆ, ಆದರೆ ಅದು ವೈದ್ಯರ ಕಣ್ಣೆದುರಿಗೆ ಆಗತಕ್ಕ ಕೆಲಸ.

ಮತ್ತೆ ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ, ಕಾಲಕ್ರಮದಲ್ಲಿ ಇದ್ದ ಮಾತ್ರೆ ಸಾಲದಾಗುತ್ತದೆ. ಮೇಲೆ ಹೇಳಿದ ಬ್ರಿಟಿಷ್ ಅಧ್ಯಯನದಲ್ಲಿ ಒಂದೇ ಔಷಧದಿಂದ ಎಚ್‌ಬಿಎ1ಸಿಯನ್ನು 7ಕ್ಕಿಂತ ಕೆಳಗೆ ಇರಿಸಿಕೊಳ್ಳಬಲ್ಲವರು ಮೂರು ವರ್ಷಗಳ ಬಳಿಕ ಸುಮಾರು ಅರ್ಧದಷ್ಟಿದ್ದು, ಒಂಬತ್ತು ವರ್ಷಗಳ ಬಳಿಕ ಕಾಲುಭಾಗಕ್ಕೆ ಇಳಿದಿದ್ದರು. ಗ್ರಂಥಿಯ ಬೀಟಾ ಕೋಶಗಳು ವರ್ಷವರ್ಷಕ್ಕೂ ಕ್ಷೀಣಿಸುವುದೇ ಇದಕ್ಕೆ ಕಾರಣ. ರೋಗಿಯ ಪಥ್ಯದಲ್ಲಿ ಲೋಪವಿಲ್ಲದಿದ್ದರೂ ಇದು ಸಂಭವಿಸುತ್ತದೆ. ಇಂಥವರಿಗೆ ಇನ್ಸುಲಿನ್ ಸೂಚಿಸಿದಾಗ ಅದನ್ನು ರೋಗದ ಕಡೆಯ ಘಟ್ಟವೆಂದು ಹೆದರಿ ಮುಂದೂಡುತ್ತ, ಮಾತ್ರೆಯ ಮೇಲೆ ಮಾತ್ರೆ ಸೇರಿಸುತ್ತ ಹೋಗುವುದರಿಂದ ಕಣ್ಣು, ಕಾಲು, ಮೂತ್ರಪಿಂಡಗಳಿಗೆ ಒದಗುವ ಹಾನಿಯೇ ಅಧಿಕ. ಇನ್ಸುಲಿನ್ ಆರಂಭವಾದ ಮೇಲೆಯೂ ಮೆಟ್‌ಫಾರ್ಮಿನ್ನನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಸಲ್ಫೊನೈಲ್ ಯೂರಿಯವನ್ನು ಮಾತ್ರ, ಎರಡೂ ಸೇರಿ ಸಕ್ಕರೆಯನ್ನು ಅತಿಯಾಗಿ ಇಳಿಸದಂತೆ, ತಗ್ಗಿಸುತ್ತಾರೆ ಅಥವಾ ಪೂರ್ತಿಯಾಗಿ ನಿಲ್ಲಿಸುತ್ತಾರೆ.